ಶಾಲಾ ತಂಡಕ್ಕೆ ಹೆಲ್ಮೆಟ್, ಗ್ರಿಲ್, ಮುಖಕವಚ: ಯಾವುದು ಕಡ್ಡಾಯ, ಯಾವುದನ್ನ ಕೊಳ್ಳಬೇಕು?

ಪಿಇ ಮೇಷ್ಟ್ರು, ಅರಸೀಕೆರೆ

ಎಲ್ಲರಿಗೂ ನಮಸ್ಕಾರ. ನಮ್ಮದು ಅರಸೀಕೆರೆ ತಾಲ್ಲೂಕಿನ ಪ್ರೌಢಶಾಲೆ. 14 ಮತ್ತು 17 ವರ್ಷದೊಳಗಿನ ಹುಡುಗರ ಕ್ರಿಕೆಟ್ ತಂಡ ಇದೆ, ಹುಡುಗಿಯರ ಹಾಕಿ ತಂಡ ಇದೆ. ಕ್ರಿಕೆಟ್ ಅಭ್ಯಾಸ ಕಾಂಕ್ರೀಟ್ ಪಟ್ಟಿಯ ಮೇಲೆ ಹಾಸಿದ ತೆಂಗಿನ ನಾರಿನ ಮ್ಯಾಟ್ ಮೇಲೆ ನಡೆಯುತ್ತೆ. ಕೆಲವು ದಿನ ಲೆದರ್ ಬಾಲ್, ಉಳಿದ ದಿನ ಟೆನ್ನಿಸ್ ಬಾಲ್. ಹಳೆ ವಿದ್ಯಾರ್ಥಿಗಳು ಈ ಸಲ ಸುರಕ್ಷತೆಯ ಸಾಮಾನಿಗೆ ಅಂತಲೇ ದುಡ್ಡು ಕೊಡ್ತಿದ್ದಾರೆ.

ಕೇಳಬೇಕಾದ್ದು ಇಷ್ಟು. ಬ್ಯಾಟ್ ಮಾಡೋ ಹುಡುಗನಿಗೆ ಗ್ರಿಲ್ ಇರೋ ಹೆಲ್ಮೆಟ್ ನಿಯಮದ ಪ್ರಕಾರ ಕಡ್ಡಾಯವಾ? ದೊಡ್ಡವರ ಹೆಲ್ಮೆಟ್‌ಗೆ ಒಳಗೆ ಸ್ಪಂಜು ತುಂಬಿ ಚಿಕ್ಕವರಿಗೆ ಹಾಕಿಸಬಹುದಾ? ವಿಕೆಟ್ ಕೀಪರ್‌ಗೂ ಬೇಕಾ? ಹಾಕಿಯಲ್ಲಿ ಪೆನಾಲ್ಟಿ ಕಾರ್ನರ್ (ತಪ್ಪಿಗೆ ಎದುರು ತಂಡಕ್ಕೆ ಸಿಗೋ, ಬ್ಯಾಕ್‌ಲೈನ್‌ನಿಂದ ತಳ್ಳಿಕೊಟ್ಟ ಬಾಲನ್ನ ಗೋಲಿಗೆ ಹೊಡೆಯೋ ಅವಕಾಶ) ತಡೆಯೋ ಹುಡುಗಿಯರಿಗೆ ಮಾಸ್ಕ್ ಕೊಡಿಸಿದ್ರೆ ಅದನ್ನ ಎಲ್ಲೀವರೆಗೆ ಹಾಕಿಕೊಂಡು ಆಡಬಹುದು? ಇಬ್ಬರು ಹುಡುಗರು ಕನ್ನಡಕದವರು, ಅವರ ಬಗ್ಗೆಯೂ ಹೇಳಿ. ಕಿಟ್ ರೂಮಿನಲ್ಲಿ ನಾಲ್ಕು ಹಳೆ ಹೆಲ್ಮೆಟ್ ಇವೆ, ಅವನ್ನ ಇಟ್ಟುಕೊಳ್ಳೋದೋ ಬಿಸಾಕೋದೋ ಅನ್ನೋದೂ ತೀರ್ಮಾನ ಆಗಬೇಕು.

ನೆಟ್ಸ್ ಕೋಚ್, ಹಾಸನ

ಸರ್, ಅಂಗಡಿಗೆ ಹೋಗೋ ಮೊದಲು ಒಂದು ಜಾಗವನ್ನ ಗಮನದಲ್ಲಿಟ್ಟುಕೊಳ್ಳಿ: ಹೆಲ್ಮೆಟ್‌ನ ಪೀಕ್‌ಗೂ (ಹಣೆಯ ಮುಂದೆ ಚಾಚಿದ ಅಂಚು) ಗ್ರಿಲ್‌ನ (ಮುಖದ ಮುಂದಿನ ಸರಳಿನ ಜಾಲರಿ) ಮೇಲಿನ ಸರಳಿಗೂ ನಡುವಿನ ಸಂದಿ. ಹೆಲ್ಮೆಟ್ ಹಾಕಿದ್ದರೂ ಮುಖಕ್ಕೆ ಏಟು ಬೀಳೋದು ಎರಡು ದಾರಿಯಲ್ಲಿ. ಬಾಲ್ ಆ ಸಂದಿಯಲ್ಲೇ ನುಗ್ಗುತ್ತೆ, ಇಲ್ಲವೇ ಏಟಿನ ರಭಸಕ್ಕೆ ಗ್ರಿಲ್ ಹಿಂದಕ್ಕೆ ಸರಿದು ಕೆನ್ನೆಮೂಳೆಗೆ, ಮೂಗಿಗೆ ತಾಗುತ್ತೆ. 2014ರ ಆಗಸ್ಟ್‌ನಲ್ಲಿ ಓಲ್ಡ್ ಟ್ರಾಫರ್ಡ್ ಟೆಸ್ಟ್‌ನಲ್ಲಿ ನಮ್ಮ ವರುಣ್ ಆರನ್ ಹಾಕಿದ ಬೌನ್ಸರ್ ಇಂಗ್ಲೆಂಡಿನ ಸ್ಟುವರ್ಟ್ ಬ್ರಾಡ್ ಅವರ ಮೂಗು ಮುರಿದದ್ದು ಹಾಗೇ, ಪೀಕ್ ಮತ್ತು ಗ್ರಿಲ್ ನಡುವೆ ತೂರಿ.

ಬ್ರಿಟಿಷ್ ಮಾನದಂಡ ಬಿಎಸ್ 7928ರ ಹಳೆ ಆವೃತ್ತಿ 1998ರದ್ದು. ಅದರಲ್ಲಿ ಈ ಸಂದಿಯೊಳಗೆ ಬಾಲ್ ಹೋಗುತ್ತಾ ಅಂತ ನೋಡೋ ಪರೀಕ್ಷೆಯೇ ಇರಲಿಲ್ಲ. 2013ರ ಆವೃತ್ತಿಯಲ್ಲಿ ಅದು ಬಂತು. ಹೆಲ್ಮೆಟ್ ತೊಡಿಸಿದ ನಕಲಿ ತಲೆಯ ಗ್ರಿಲ್‌ಗೆ ಬಾಲ್ ಹೊಡೆದು, ಬಾಲ್ ಆಗಲಿ ಗ್ರಿಲ್ ಆಗಲಿ ಮುಖ ಮುಟ್ಟುತ್ತಾ ಅಂತ ನೋಡ್ತಾರೆ. 2017ರಿಂದ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಹೆಲ್ಮೆಟ್ ಹಾಕಿದರೆ ಅದು ಈ ಮಾನದಂಡದ್ದೇ ಆಗಿರಬೇಕು. ಹಾಗಾಗಿ ಒಳಗಿನ ಲೇಬಲ್‌ನಲ್ಲಿ 7928 ಅಂತ ಇದ್ದರೆ ಸಾಲದು, ಪಕ್ಕದಲ್ಲಿ 2013 ಅಂತ ಇರಬೇಕು.

ಲೇಬಲ್‌ನಲ್ಲಿ ಇನ್ನೊಂದು ಸಾಲು ಇರುತ್ತೆ, ಬಹಳ ಜನ ಅದನ್ನ ಓದೋದೇ ಇಲ್ಲ: ಯಾವ ಬಾಲ್‌ನಲ್ಲಿ ಪರೀಕ್ಷಿಸಿದ್ದು ಅನ್ನೋದು. ಐದೂವರೆ ಔನ್ಸಿನ ದೊಡ್ಡವರ ಬಾಲ್, ನಾಲ್ಕೂ ಮುಕ್ಕಾಲು ಔನ್ಸಿನ ಜೂನಿಯರ್ ಬಾಲ್, ಇವೆರಡಕ್ಕೆ ಬೇರೆ ಬೇರೆ ಪರೀಕ್ಷೆ. ದೊಡ್ಡವರ ಬಾಲಿನ ಸುತ್ತಳತೆ 224ರಿಂದ 229 ಮಿ.ಮೀ., ಅಂದ್ರೆ ಅಡ್ಡಳತೆ ಸುಮಾರು 71ರಿಂದ 73 ಮಿ.ಮೀ. 13 ವರ್ಷದೊಳಗಿನವರ ಬಾಲ್ 205ರಿಂದ 220 ಮಿ.ಮೀ., ಅಡ್ಡಳತೆ 65ರಿಂದ 70. ದೊಡ್ಡ ಬಾಲನ್ನ ತಡೆಯೋ ಸಂದಿಯಲ್ಲಿ ಚಿಕ್ಕ ಬಾಲ್ ಸಲೀಸಾಗಿ ನುಗ್ಗಬಹುದು. ನಿಮ್ಮಲ್ಲಿ ಚಿಕ್ಕ ಹುಡುಗರು ಚಿಕ್ಕ ಬಾಲ್‌ನಲ್ಲೂ ಆಡ್ತಾರೆ ಅಂದ್ರೆ ಎರಡೂ ಬಾಲ್‌ಗೆ ಪಾಸಾದ ಹೆಲ್ಮೆಟ್ಟನ್ನೇ ಕೇಳಿ.

ಸ್ಪಂಜು ತುಂಬೋ ಯೋಚನೆ ಬಿಡಿ ಸರ್. ದೊಡ್ಡ ಹೆಲ್ಮೆಟ್ ಚಿಕ್ಕ ತಲೆಯ ಮೇಲೆ ಕೂತಾಗ ಕಣ್ಣು ಎಲ್ಲಿರಬೇಕೋ ಅಲ್ಲಿ ಇರಲ್ಲ, ಸಂದಿ ಕಣ್ಣಿನ ನೇರ ತಪ್ಪುತ್ತೆ. ಹುಡುಗ ನೋಡೋಕೆ ತಲೆ ಹಿಂದಕ್ಕೆ ವಾಲಿಸ್ತಾನೆ, ಗದ್ದ ಮೇಲಕ್ಕೆ ಬರುತ್ತೆ. ಏಟು ಬಿದ್ದಾಗ ಹೆಲ್ಮೆಟ್ಟೇ ತಿರುಗಿ ಗ್ರಿಲ್ ಮೂಗಿಗೆ ಬಡಿಯುತ್ತೆ. ಟೇಲರ್ ಟೇಪಿನಲ್ಲಿ ಪ್ರತಿ ಹುಡುಗನ ತಲೆ ಅಳೆಯಿರಿ: ಹುಬ್ಬಿನಿಂದ ಒಂದು ಇಂಚು ಮೇಲೆ, ಕಿವಿಯ ಮೇಲುಗಡೆಯಿಂದ, ಹಿಂದೆ ಅತಿ ಉಬ್ಬಿದ ಜಾಗ ಸುತ್ತಿ. ಈ ವಯಸ್ಸಿನವರದ್ದು ಬಹುತೇಕ 53ರಿಂದ 57 ಸೆಂ.ಮೀ. ನಡುವೆ ಬರುತ್ತೆ. ಕಂಪನಿಯಿಂದ ಕಂಪನಿಗೆ ಸೈಜು ಬೇರೆ, ಆದ್ದರಿಂದ 'ಸ್ಮಾಲ್', 'ಮೀಡಿಯಂ' ಅಂತ ಕೇಳಬೇಡಿ, ಸೆಂಟಿಮೀಟರ್ ಹೇಳಿ.

ಹಾಕಿಸಿದ ಮೇಲೆ ನೋಡಬೇಕಾದ್ದು: ಪೀಕ್ ನೆಲಕ್ಕೆ ಸಮಾನಾಂತರವಾಗಿರಬೇಕು, ಸಂದಿಯ ನಡುವಿನಿಂದ ಕಣ್ಣು ಕಾಣಬೇಕು. ಗದ್ದದ ಪಟ್ಟಿ ಬಿಗಿದು ಬಾಯಿ ದೊಡ್ಡದಾಗಿ ತೆಗೆಸಿ, ಹೆಲ್ಮೆಟ್ ನೆತ್ತಿಯ ಮೇಲೆ ಕೆಳಕ್ಕೆ ಎಳೆದ ಹಾಗೆ ಆಗಬೇಕು. ಪಟ್ಟಿ ಬಿಚ್ಚಿ ತಲೆ ಬಗ್ಗಿಸಿ ಅಲ್ಲಾಡಿಸಲಿ, ಆಗಲೂ ತಟ್ಟನೆ ಬೀಳಬಾರದು. ಆಮೇಲೆ ಬ್ಯಾಟ್ ಹಿಡಿದು ಸ್ಟಾನ್ಸ್‌ನಲ್ಲಿ ನಿಲ್ಲಿಸಿ. ನೇರ ನಿಂತಾಗ ಸರಿಯಾಗಿ ಕಾಣೋ ಹೆಲ್ಮೆಟ್ ಬಗ್ಗಿ ನಿಂತಾಗ ಹುಬ್ಬಿನ ಮೇಲೆ ಜಾರೋದುಂಟು. ಗ್ರಿಲ್‌ಗೆ ಎರಡು ಮೂರು ತೂತು ಇರೋ ಮಾದರಿಯಾದ್ರೆ, ಕಂಪನಿ ಹೇಳಿದ ತೂತಿನಲ್ಲೇ ಸ್ಕ್ರೂ ಹಾಕಿ. 'ಚೆನ್ನಾಗಿ ಕಾಣಲಿ' ಅಂತ ಹುಡುಗರು ಗ್ರಿಲ್ ಕೆಳಗಿಳಿಸ್ತಾರೆ, ಅಲ್ಲಿಗೆ ಆ ಪರೀಕ್ಷೆಗೆ ಅರ್ಥ ಇಲ್ಲ. ಗ್ರಿಲ್ ಬಗ್ಗಿಸೋದು, ಬೇರೆ ಕಂಪನಿಯ ಗ್ರಿಲ್ ಕೂರಿಸೋದು ಎರಡೂ ಬೇಡ. ಗ್ರಿಲ್ ಸ್ಥಿರವಾಗಿರೋ ಮಾದರಿ ಸಿಕ್ಕಿದ್ರೆ ಶಾಲೆಗೆ ಅದೇ ವಾಸಿ.

ನಿಮ್ಮ ಮ್ಯಾಟ್ ಬಗ್ಗೆಯೂ ಹೇಳಲೇಬೇಕು. ಕಾಂಕ್ರೀಟ್ ಮೇಲಿನ ಮ್ಯಾಟ್‌ನಲ್ಲಿ ಬಾಲ್ ಮಣ್ಣಿನ ಪಿಚ್‌ಗಿಂತ ಎತ್ತರಕ್ಕೆ ಏಳುತ್ತೆ. ಗುಡ್ ಲೆಂಗ್ತ್‌ಗಿಂತ ಸ್ವಲ್ಪವೇ ಹಿಂದೆ ಬಿದ್ದರೂ ಕುಳ್ಳ ಹುಡುಗನ ಗಂಟಲಿನ ಎತ್ತರಕ್ಕೆ ಬರುತ್ತೆ. ಮ್ಯಾಟ್ ಸಡಿಲ ಇದ್ದರೆ ಒಂದು ಬಾಲ್ ಹಾರಿದರೆ ಇನ್ನೊಂದು ಉಳಿಯುತ್ತೆ. ನಾಲ್ಕು ಮೂಲೆ ಮಾತ್ರ ಅಲ್ಲ, ಉದ್ದಕ್ಕೂ ಎರಡೂ ಅಂಚಿನಲ್ಲಿ ಎಳೆದು ಬಿಗಿಯಿರಿ. ಹರಿದ ಜಾಗ, ಜೋಡಣೆಯ ಅಂಚು ಬಾಲ್ ಬೀಳೋ ಕಡೆ ಬರದ ಹಾಗೆ ಮ್ಯಾಟ್ ತಿರುಗಿಸಿ ಹಾಸಿ. ಹೆಲ್ಮೆಟ್‌ಗೆ ಕೊಡೋ ಗಮನದಲ್ಲಿ ಅರ್ಧದಷ್ಟಾದರೂ ಮ್ಯಾಟ್‌ಗೆ ಕೊಟ್ಟರೆ ಮುಖದ ಹತ್ತಿರ ಬರೋ ಬಾಲ್‌ಗಳೇ ಕಡಿಮೆಯಾಗ್ತವೆ.

ಕತ್ತಿನ ವಿಷಯ. ಆಸ್ಟ್ರೇಲಿಯಾದ ಬ್ಯಾಟರ್ ಫಿಲಿಪ್ ಹ್ಯೂಸ್ ತೀರಿಕೊಂಡದ್ದು 2014ರ ನವೆಂಬರ್ 27ರಂದು. ಬಾಲ್ ಹೆಲ್ಮೆಟ್‌ಗೆ ತಾಗಲಿಲ್ಲ, ಅದರ ಕೆಳಗೆ ಕತ್ತಿಗೆ ಬಿದ್ದು ಮೆದುಳಿಗೆ ಹೋಗೋ ರಕ್ತನಾಳ ಸೀಳಿತು. ಆಸ್ಟ್ರೇಲಿಯಾ ಮಂಡಳಿ 2023ರ ಅಕ್ಟೋಬರ್ 1ರಿಂದ ವೇಗದ, ಮಧ್ಯಮ ವೇಗದ ಬೌಲಿಂಗ್ ಎದುರಿಸುವಾಗ ಕತ್ತಿನ ಗಾರ್ಡ್ ಕಡ್ಡಾಯ ಮಾಡಿದೆ. ಕೊಳ್ಳುವಾಗ ನಿಮ್ಮ ಹೆಲ್ಮೆಟ್ ಮಾದರಿಗೇ ಮಾಡಿದ ಗಾರ್ಡ್ ತಗೊಳ್ಳಿ. ಬೇರೆಯದ್ದು ಸಿಕ್ಕಿಸಿದರೆ ತಲೆ ಎತ್ತಿದಾಗ ಭುಜಕ್ಕೆ ತಾಗಿ ಹೆಲ್ಮೆಟ್ಟನ್ನ ಮುಂದಕ್ಕೆ ತಳ್ಳುತ್ತೆ, ಇಲ್ಲವೇ ಕಳಚಿ ಬೀಳುತ್ತೆ.

ಕಡೂರು ಅಂಪೈರ್

ನಿಯಮದ ಭಾಗ ನಾನು ಹೇಳ್ತೀನಿ. ಕ್ರಿಕೆಟ್ ಕಾನೂನು ಬರೆಯೋ ಲಂಡನ್ನಿನ ಎಂಸಿಸಿ ಕ್ಲಬ್ಬಿನ ಕಾನೂನಿನಲ್ಲಿ ಹೆಲ್ಮೆಟ್ ಹಾಕಲೇಬೇಕು ಅನ್ನೋ ಮಾತಿಲ್ಲ. ಕಡ್ಡಾಯ ಮಾಡೋದು ಆಯಾ ಟೂರ್ನಿಯ ಪಂದ್ಯ ನಿಯಮ. ಆದ್ದರಿಂದ ತಾಲ್ಲೂಕು, ಜಿಲ್ಲಾ ಮಟ್ಟಕ್ಕೆ ಹೋಗೋ ಮೊದಲು ಸಂಘಟಕರ ಸುತ್ತೋಲೆಯನ್ನ ಲಿಖಿತವಾಗಿ ತರಿಸಿಕೊಳ್ಳಿ. ಐಸಿಸಿ 2023ರ ಜೂನ್ 1ರಿಂದ ಮೂರು ಕಡೆ ಕಡ್ಡಾಯ ಮಾಡಿದೆ: ವೇಗದ ಬೌಲರ್ ಎದುರಿಸೋ ಬ್ಯಾಟರ್, ಸ್ಟಂಪ್‌ಗೆ ಹತ್ತಿರ ನಿಂತ ಕೀಪರ್, ವಿಕೆಟ್ ಮುಂದೆ ಬ್ಯಾಟರ್ ಸಮೀಪ ನಿಂತ ಫೀಲ್ಡರ್. ಅದು ದೊಡ್ಡವರಿಗೆ.

ಶಾಲೆಯ ಒಳಗೆ ನಿಮ್ಮದೇ ನಿಯಮ ಬರೆಯೋದಾದ್ರೆ ಇಂಗ್ಲೆಂಡ್ ಮಂಡಳಿಯ ಮಾರ್ಗಸೂಚಿ ಒಳ್ಳೆ ಮಾದರಿ. ಅಲ್ಲಿ 2000ದಿಂದ 18ರೊಳಗಿನವರು ಗಟ್ಟಿ ಬಾಲ್ ಎದುರು ಬ್ಯಾಟ್ ಮಾಡುವಾಗ ಗ್ರಿಲ್ ಸಮೇತ ಹೆಲ್ಮೆಟ್ ಹಾಕಬೇಕು. ಪಂದ್ಯಕ್ಕೆ ಮಾತ್ರ ಅಲ್ಲ, ಅಭ್ಯಾಸಕ್ಕೂ. ಸ್ಟಂಪ್ ಹತ್ತಿರ ನಿಲ್ಲೋ ಕೀಪರ್‌ಗೂ ಹೆಲ್ಮೆಟ್ ಇಲ್ಲವೇ ಮುಖಕವಚ. ಮುಂಚೆ ಪೋಷಕರು ಬರೆದುಕೊಟ್ಟರೆ ವಿನಾಯಿತಿ ಇತ್ತು, ಈಗ ಆ ಪತ್ರವನ್ನ ಒಪ್ಪಬಾರದು ಅಂತಲೇ ಇದೆ. ನೀವೂ ಒಪ್ಪಬೇಡಿ ಸರ್. ಸಹಿ ಹಾಕಿದ ಕಾಗದ ಮಗುವಿನ ಹಲ್ಲು ಉಳಿಸಲ್ಲ.

ಫೀಲ್ಡರ್ ದೂರದ್ದೂ ಅಲ್ಲೇ ಇದೆ. 15ರೊಳಗಿನವರು ಮಧ್ಯದ ಸ್ಟಂಪಿನಿಂದ 8 ಗಜದೊಳಗೆ, 13ರೊಳಗಿನವರು 11 ಗಜದೊಳಗೆ ನಿಲ್ಲುವಂತಿಲ್ಲ. ಆಫ್ ಬದಿಯಲ್ಲಿ ವಿಕೆಟ್ ಹಿಂದೆ, ಅಂದ್ರೆ ಸ್ಲಿಪ್, ಗಲ್ಲಿಗೆ ಮಾತ್ರ ಈ ಮಿತಿ ಇಲ್ಲ. ಲೆಕ್ಕ ಹಾಕಿ ನೋಡಿ: ಗಂಟೆಗೆ 80 ಕಿ.ಮೀ. ವೇಗದಲ್ಲಿ ಬ್ಯಾಟಿನಿಂದ ಬಂದ ಬಾಲ್ 3 ಮೀಟರ್ ದಾಟೋಕೆ ಒಂದು ಸೆಕೆಂಡಿನ ಏಳನೇ ಒಂದು ಭಾಗ ಸಾಕು. ಕೈ ಮೇಲೇಳೋಕೂ ಹೊತ್ತಿರಲ್ಲ. ಭಾರತದ ಆಟಗಾರ ರಮಣ್ ಲಾಂಬಾ 1998ರ ಫೆಬ್ರವರಿಯಲ್ಲಿ ಢಾಕಾದಲ್ಲಿ ಶಾರ್ಟ್ ಲೆಗ್‌ನಲ್ಲಿ (ಬ್ಯಾಟರ್‌ಗೆ ತೀರಾ ಹತ್ತಿರದ ಜಾಗ) ಹೆಲ್ಮೆಟ್ ಇಲ್ಲದೆ ನಿಂತು ಪ್ರಾಣ ಕಳೆದುಕೊಂಡರು. ಶಾಲಾ ಮಕ್ಕಳನ್ನ ಆ ಜಾಗಕ್ಕೆ ನಿಲ್ಲಿಸಲೇಬೇಡಿ, ಹೆಲ್ಮೆಟ್ ಇದ್ದರೂ.

ಮಕ್ಕಳಿಗೆ ಹೇಳಿಕೊಡಬೇಕಾದ ಕೆಲವು ಸಂಗತಿ. ಫೀಲ್ಡಿಂಗ್ ತಂಡದ ಹೆಲ್ಮೆಟ್ ಮೈದಾನದಲ್ಲಿ ಇಡೋದಾದ್ರೆ ಕೀಪರ್ ಹಿಂದೆ, ಎರಡೂ ಕಡೆಯ ಸ್ಟಂಪ್‌ಗಳ ನೇರಕ್ಕೆ ಮಾತ್ರ. ಆಟದಲ್ಲಿರೋ ಬಾಲ್ ಅದಕ್ಕೆ ತಾಗಿದರೆ ಬ್ಯಾಟಿಂಗ್ ತಂಡಕ್ಕೆ 5 ರನ್. ಬ್ಯಾಟರ್‌ನ ಗ್ರಿಲ್‌ನಲ್ಲಿ ಬಾಲ್ ಸಿಕ್ಕಿಕೊಂಡರೆ ಡೆಡ್ ಬಾಲ್, ಯಾರೂ ಓಡಿಹೋಗಿ ಕಿತ್ತು ಕ್ಯಾಚ್ ಕೇಳಬಾರದು. ಫೀಲ್ಡರ್ ತೊಟ್ಟ ಹೆಲ್ಮೆಟ್‌ಗೆ ತಾಗಿ ಚಿಮ್ಮಿದ ಬಾಲ್ ಹಿಡಿದರೆ 2017ರ ಕಾನೂನಿನಿಂದ ಔಟ್. ಗದ್ದದ ಪಟ್ಟಿ ಸಡಿಲ ಬಿಟ್ಟರೆ ಇನ್ನೊಂದು ಅಪಾಯ: ಹೊಡೆತ ಆಡುವಾಗ ಹೆಲ್ಮೆಟ್ ಕಳಚಿ ಸ್ಟಂಪ್ ಮೇಲೆ ಬಿದ್ದರೆ ಹಿಟ್ ವಿಕೆಟ್. 2007ರಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಕೆವಿನ್ ಪೀಟರ್‌ಸನ್ ಹಾಗೇ ಔಟಾದರು. ಸುರಕ್ಷತೆ ಅಂದ್ರೆ ಕಿವಿ ಕೊಡದ ಹುಡುಗರು ಔಟ್ ಅಂದ ಕೂಡಲೇ ಪಟ್ಟಿ ಬಿಗೀತಾರೆ.

ಬೇಲೂರು ಪೋಷಕ

ಎಲ್ಲ ಸರಿ ಸರ್, ಆದ್ರೆ ಟೆನ್ನಿಸ್ ಬಾಲ್ ದಿನವೂ ಹೆಲ್ಮೆಟ್ ಅಂದ್ರೆ ಮಕ್ಕಳು ಆಟಕ್ಕೇ ಬರಲ್ಲ. ಬಿಸಿಲಿಗೆ ತಲೆ ಬೆವೆತು ಹೋಗುತ್ತೆ. ಗ್ರಿಲ್ ಅಡ್ಡ ಬಂದು ಬಾಲ್ ಕಾಣಲ್ಲ ಅಂತ ನನ್ನ ಮಗನೂ ಹೇಳ್ತಾನೆ. ಹೆಲ್ಮೆಟ್ ಇದೆ ಅನ್ನೋ ಧೈರ್ಯಕ್ಕೆ ಹುಡುಗರು ಬಾಲ್ ಬಿಟ್ಟು ಕಣ್ಣು ತಿರುಗಿಸಿ ಹುಕ್ ಮಾಡೋಕೆ ಹೋಗ್ತಾರೆ, ಅದಕ್ಕೇನು ಹೇಳ್ತೀರಿ?

ನೆಟ್ಸ್ ಕೋಚ್, ಹಾಸನ

ಸರ್, ನಿಮ್ಮ ಕೊನೆ ಮಾತು ಪೂರ್ತಿ ಒಪ್ತೀನಿ. ಹೆಲ್ಮೆಟ್ ಕೊಡಿಸಿದ ತಕ್ಷಣ ಶಾರ್ಟ್ ಬಾಲ್ ಆಡೋದನ್ನ ಬೇರೆಯಾಗಿ ಕಲಿಸಬೇಕು. ಹತ್ತಿರದಿಂದ ಟೆನ್ನಿಸ್ ಬಾಲ್ ಎಸೆದು, ಮೊದಲು ಬಗ್ಗೋದು, ಆಮೇಲೆ ಪಕ್ಕಕ್ಕೆ ಸರಿಯೋದು. ಕಡೆಯವರೆಗೂ ಬಾಲ್ ನೋಡಲೇಬೇಕು. ಮುಖ ತಿರುಗಿಸಿದ ಹುಡುಗನಿಗೆ ಬೀಳೋದು ಕಿವಿ ಹಿಂದೆ, ಕತ್ತಿಗೆ, ಅಂದ್ರೆ ಗ್ರಿಲ್ ಇಲ್ಲದ ಕಡೆ.

ಮೆತ್ತನೆ ಟೆನ್ನಿಸ್ ಬಾಲ್ ತೂಕ ಸುಮಾರು 58 ಗ್ರಾಂ, ಲೆದರ್ ಬಾಲ್‌ನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಅದಕ್ಕೆ ಬ್ಯಾಟರ್ ಹೆಲ್ಮೆಟ್ ಹಾಕಲೇಬೇಕು ಅಂತ ನಾನು ಒತ್ತಾಯ ಮಾಡಲ್ಲ. ಆದ್ರೆ ನಮ್ಮ ಕಡೆ ಟೂರ್ನಿಗಳಲ್ಲಿ ಓಡೋದು ಹಾರ್ಡ್ ಟೆನ್ನಿಸ್ ಬಾಲ್. ಅದು ಭಾರ, ಗೋಡೆ ದಪ್ಪ, ಅದಕ್ಕೆ ಹೆಲ್ಮೆಟ್ ಬೇಕು. ಮೆತ್ತನೆ ಬಾಲ್‌ಗೆ ಹೆಲ್ಮೆಟ್ ಹಾಕಿಸಿದಾಗ ಒಂದು ಎಚ್ಚರಿಕೆ: ಟೆನ್ನಿಸ್ ಬಾಲ್ ಅಡ್ಡಳತೆ 65ರಿಂದ 69 ಮಿ.ಮೀ., ಮೇಲಾಗಿ ಅದು ಅಮುಕಿಕೊಳ್ಳುತ್ತೆ. ಲೆದರ್ ಬಾಲ್ ತಡೆಯೋ ಸಂದಿಯಲ್ಲಿ ಅದು ಹಿಂಡಿಕೊಂಡು ಒಳಗೆ ಬಂದು ಕಣ್ಣಿಗೇ ಬಡಿಯಬಹುದು.

ಕೀಪರ್ ವಿಷಯದಲ್ಲಿ ಮಾತ್ರ ಯಾವ ಬಾಲ್ ಅಂತ ನೋಡಬೇಡಿ. ಸ್ಟಂಪ್ ಹತ್ತಿರ ನಿಂತವನಿಗೆ ಬೇಲ್ಸ್ (ಸ್ಟಂಪ್ ಮೇಲಿಡೋ ಚಿಕ್ಕ ಕಟ್ಟಿಗೆ ತುಂಡು) ಹಾರಿ ಕಣ್ಣಿಗೆ ಬೀಳೋದು ಟೆನ್ನಿಸ್ ಬಾಲ್‌ನಲ್ಲೂ ಆಗುತ್ತೆ. ದಕ್ಷಿಣ ಆಫ್ರಿಕಾದ ಕೀಪರ್ ಮಾರ್ಕ್ ಬೌಚರ್ 2012ರ ಜುಲೈನಲ್ಲಿ ಟಾಂಟನ್‌ನಲ್ಲಿ ಇಮ್ರಾನ್ ತಾಹಿರ್ ಬೌಲಿಂಗ್‌ಗೆ ಕೀಪಿಂಗ್ ಮಾಡ್ತಿದ್ದಾಗ ಬೇಲ್ಸ್ ಎಡಗಣ್ಣಿಗೆ ಬಡಿದು ಅವರ ಆಟವೇ ಮುಗೀತು. ಭಾರತದ ಕೀಪರ್ ಸಬಾ ಕರೀಂ ಅವರಿಗೆ 2000ದ ಏಷ್ಯಾ ಕಪ್‌ನಲ್ಲಿ ನಮ್ಮ ಅನಿಲ್ ಕುಂಬ್ಳೆ ಬೌಲಿಂಗ್‌ಗೆ ಕೀಪಿಂಗ್ ಮಾಡುವಾಗ ಬಾಲ್ ಕಣ್ಣಿಗೆ ಬಿತ್ತು. ಎರಡೂ ಕಡೆ ಬೌಲರ್ ಸ್ಪಿನ್ನರ್. ಸ್ಪಿನ್ ಅಂತ ಹೆಲ್ಮೆಟ್ ಬಿಚ್ಚಿಡೋ ಪದ್ಧತಿ ನಮ್ಮ ಮೈದಾನಗಳಲ್ಲಿ ಇನ್ನೂ ಇದೆ, ಅದು ನಿಲ್ಲಬೇಕು. ಬೇಲ್ಸ್ ದೂರ ಹಾರದ ಹಾಗೆ ತಡೆಯೋ ಸಾಧನಕ್ಕೂ ಕಾನೂನಿನಲ್ಲಿ ಅವಕಾಶ ಇದೆ. ನೆಟ್ಸ್‌ನಲ್ಲಂತೂ ಬೇಲ್ಸ್ ಇಡೋದೇ ಬೇಡ.

ಗ್ರಿಲ್ ಅಡ್ಡ ಬರೋದು ಬಹುಪಾಲು ಸೈಜಿನ ತೊಂದರೆ. ಕಣ್ಣಿನ ನೇರಕ್ಕೆ ಮೇಲಿನ ಸರಳು ಬಂದ್ರೆ ಹೆಲ್ಮೆಟ್ ಅಳತೆ ಸರಿಯಿಲ್ಲ ಅಥವಾ ಹಿಂದಕ್ಕೆ ವಾಲಿದೆ. ಸರಿಯಾಗಿ ಕೂತ ಮೇಲೆ ವಾರ ಹತ್ತು ದಿನದಲ್ಲಿ ಹುಡುಗರಿಗೆ ಅಭ್ಯಾಸ ಆಗುತ್ತೆ.

ಹಾಕಿ ಡಿ ಸರ್ಕಲ್, ಹಾಸನ

ಹಾಕಿ ಪ್ರಶ್ನೆ ಹಿಂದೆ ಬಿತ್ತು, ಅದನ್ನ ತಗೊಳ್ತೀನಿ. ಹಾಕಿ ಬಾಲ್ 156ರಿಂದ 163 ಗ್ರಾಂ, ಕ್ರಿಕೆಟ್ ಬಾಲ್‌ನಷ್ಟೇ ಭಾರ, ಮತ್ತೆ ಪೂರಾ ಗಟ್ಟಿ ಪ್ಲಾಸ್ಟಿಕ್. ಪೆನಾಲ್ಟಿ ಕಾರ್ನರ್‌ನಲ್ಲಿ ಮೊದಲ ಹೊಡೆತ ಹಿಟ್ ಆದ್ರೆ ಗೋಲಿನ ಗೆರೆ ದಾಟುವಾಗ ಗೋಲಿನ ಒಳಗಿನ 460 ಮಿ.ಮೀ. ಎತ್ತರದ ಹಲಗೆಗಿಂತ ಮೇಲೆ ಹೋಗಬಾರದು. ಡ್ರ್ಯಾಗ್ ಫ್ಲಿಕ್‌ಗೆ, ಅಂದ್ರೆ ಬಾಲನ್ನ ಸ್ಟಿಕ್ಕಿನಲ್ಲಿ ಎಳೆದು ಚಿಮ್ಮಿಸೋದಕ್ಕೆ, ಆ ಮಿತಿ ಇಲ್ಲ. ಮುಖಕ್ಕೆ ಬರೋದು ಅಲ್ಲಿಂದಲೇ.

ಗೋಲ್‌ಕೀಪರ್‌ಗೆ ಹೆಲ್ಮೆಟ್, ಪ್ಯಾಡ್, ಕಿಕ್ಕರ್ (ಪಾದದ ಕವಚ) ಕಡ್ಡಾಯ. ಜೊತೆಗೆ ಗಂಟಲಿನ ಗಾರ್ಡ್ ಕೊಡಿಸಿ, ಅದಿಲ್ಲದೆ ಹೆಲ್ಮೆಟ್‌ನ ಕೆಳಗಿನ ಅಂಚಿಗೂ ಎದೆಕವಚಕ್ಕೂ ನಡುವೆ ಬರಿಯ ಕತ್ತು ಉಳಿಯುತ್ತೆ. ಕ್ರಿಕೆಟ್ ಹೆಲ್ಮೆಟ್ಟನ್ನ ಹಾಕಿಯ ಗೋಲ್‌ಕೀಪರ್‌ಗೆ ಕೊಡಬೇಡಿ. ಬಿದ್ದು ತಡೆಯೋವಾಗ ಸ್ಟಿಕ್ಕಿನ ತುದಿ ಅದರ ಪೀಕ್ ಸಂದಿಯಲ್ಲಿ ಸಲೀಸಾಗಿ ಹೋಗುತ್ತೆ.

ಕಾರ್ನರ್ ತಡೆಯೋಕೆ ಗೋಲ್‌ಕೀಪರ್ ಜೊತೆ ನಾಲ್ವರು ಗೆರೆ ಹಿಂದೆ ನಿಲ್ತಾರೆ, ಹಾಗಾಗಿ ಮಾಸ್ಕ್ ನಾಲ್ಕು ಸಾಕು. ಒಂದು ಹೆಚ್ಚುವರಿ ಇದ್ದರೆ ಪಟ್ಟಿ ಕಿತ್ತಾಗ ಅನುಕೂಲ. ಮುಖದ ಆಕಾರಕ್ಕೆ ಹೊಂದಿಕೊಂಡು ಕೂರೋ, ಹೊರಮೈ ನುಣುಪಾಗಿರೋ ಮಾಸ್ಕ್ ಆಗಿರಬೇಕು, ಬೇರೆಯವರಿಗೆ ತಗುಲಿ ಗಾಯ ಮಾಡೋ ಥರ ಚಾಚಿಕೊಂಡಿರಬಾರದು. ಹಣೆ, ಕೆನ್ನೆಮೂಳೆ, ಗದ್ದ ಈ ಮೂರು ಕಡೆ ಫೋಮ್ ಒತ್ತಿ ಕೂರಬೇಕು, ಮೂಗು ಮುಟ್ಟಬಾರದು. ಮೂಗಿಗೂ ಮಾಸ್ಕ್‌ಗೂ ಒಂದು ಬೆರಳಷ್ಟು ಜಾಗ ಇರಲಿ.

ಎಲ್ಲೀವರೆಗೆ ಹಾಕಬಹುದು ಅಂದ್ರಲ್ಲ: ಪೆನಾಲ್ಟಿ ಕಾರ್ನರ್ ಅಥವಾ ಪೆನಾಲ್ಟಿ ಸ್ಟ್ರೋಕ್ ತಡೆಯುವಾಗ ಮಾತ್ರ. ಕಾರ್ನರ್‌ನಲ್ಲಿ ಬಾಲ್ ಕಿತ್ತುಕೊಂಡ ಹುಡುಗಿ ಮಾಸ್ಕ್ ಹಾಕಿಕೊಂಡೇ ಸರ್ಕಲ್ (ಗೋಲಿನ ಮುಂದಿನ ಅರ್ಧವೃತ್ತ) ಹೊರಗೆ ಬಾಲ್ ಒಯ್ಯಬಹುದು, ಆದ್ರೆ 23 ಮೀಟರ್ ಗೆರೆ ದಾಟೋ ಮೊದಲು ತೆಗೆಯಲೇಬೇಕು. ಮುಂಚೆ ಸರ್ಕಲ್ ಬಿಟ್ಟ ಕೂಡಲೇ ಬಿಸಾಡಬೇಕಿತ್ತು. ಬಿಸಾಡಿದ ಮಾಸ್ಕ್ ಸರ್ಕಲ್ ಒಳಗೆ ಬಿದ್ದಿದ್ದರೆ ಕಾಲು ಸಿಕ್ಕಿ ಬೀಳ್ತಾರೆ, ಅದಕ್ಕೇ ಬ್ಯಾಕ್‌ಲೈನ್ ಹಿಂದೆ ಎಸೆಯೋದನ್ನ ಅಭ್ಯಾಸದಲ್ಲೇ ಕಲಿಸಿ. ಒಂದೇ ಕೈಯಲ್ಲಿ ಬಿಚ್ಚೋಕೆ ಬರೋ ಪಟ್ಟಿ ಇರಬೇಕು. ಹಿಂದೆ ಜಡೆಗೆ ಸಿಕ್ಕಿಹಾಕಿಕೊಳ್ಳುತ್ತೆ, ಜಡೆ ಪಟ್ಟಿಯ ಕೆಳಗೆ ಬರೋ ಹಾಗೆ ಕಟ್ಟಿಸಿ.

ಇನ್ನೊಂದು ಮಾತು ಬಹಳ ಮುಖ್ಯ. ಮಾಸ್ಕ್ ಇದೆ ಅಂತ ಮೊದಲು ಓಡೋ ಹುಡುಗಿಯನ್ನ ಫ್ಲಿಕ್ ಎದುರಿಗೇ ನುಗ್ಗಿಸೋ ತಂತ್ರ ಶಾಲಾ ಮಟ್ಟದಲ್ಲಿ ಬೇಡ. ರಕ್ಷಣೆಯ ಸಾಮಾನಿನ ಧೈರ್ಯದ ಮೇಲೆ ಇನ್ನೊಬ್ಬರಿಗೆ ಅಪಾಯ ಆಗೋ ಥರ ಆಡೋದು ನಿಯಮಕ್ಕೇ ವಿರುದ್ಧ. ಮೊದಲ ಹೊಡೆತದ 5 ಮೀಟರ್ ಒಳಗೆ ಸಹಜವಾಗಿ ನಿಂತ ಡಿಫೆಂಡರ್‌ಗೆ ಮಂಡಿ ಅಥವಾ ಅದಕ್ಕಿಂತ ಮೇಲೆ ಬಾಲ್ ತಾಗಿದರೆ ಅಪಾಯಕಾರಿ ಹೊಡೆತ ಅಂತ ಡಿಫೆಂಡರ್ ಕಡೆಗೆ ಫ್ರೀ ಹಿಟ್ ಸಿಗುತ್ತೆ. ಮಂಡಿ ಕೆಳಗಾದ್ರೆ ಮತ್ತೆ ಕಾರ್ನರ್.

ಮಾಸ್ಕ್‌ಗಿಂತ ಮೊದಲು ಎಲ್ಲ ಹುಡುಗಿಯರಿಗೂ ಹಲ್ಲಿನ ಗಾರ್ಡ್ ಕೊಡಿಸಿ. ಇಡೀ ಪಂದ್ಯ ಬಾಯಲ್ಲಿರೋ ರಕ್ಷಣೆ ಅದೊಂದೇ. ಬಿಸಿನೀರಲ್ಲಿ ಮೆತ್ತಗಾಗಿಸಿ ಕಚ್ಚೋ ಬಗೆಯದ್ದು ಸಾಕು. ಪ್ಯಾಕೆಟ್ ಮೇಲೆ ಬರೆದಷ್ಟೇ ಸೆಕೆಂಡು ಅದ್ದಿ, ತೆಗೆದು ಒಂದೆರಡು ಕ್ಷಣ ಬಿಟ್ಟು ಮೇಲಿನ ಹಲ್ಲಿಗೆ ಕೂರಿಸಿ, ಕಚ್ಚಿ ಒಳಕ್ಕೆ ಹೀರಿ, ತುಟಿಯ ಹೊರಗಿನಿಂದ ಬೆರಳಲ್ಲಿ ಒತ್ತಿ. ಆಮೇಲೆ ತಣ್ಣೀರು. ಬಾಯಿ ತೆರೆದಾಗ ತಾನಾಗಿ ಬಿದ್ದರೆ ಸರಿಯಾಗಿಲ್ಲ, ಮತ್ತೆ ಮಾಡಿ. ಈ ವಯಸ್ಸಲ್ಲಿ ಹಲ್ಲು ಬದಲಾಗ್ತಾ ಇರುತ್ತೆ, ಹಾಗಾಗಿ ಪ್ರತಿ ಸೀಸನ್‌ಗೆ ಹೊಸದು. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರು ದಂತವೈದ್ಯರನ್ನ ಕೇಳಿಯೇ ಮಾಡಿಸಬೇಕು.

ಆಪ್ಟೊಮೆಟ್ರಿಸ್ಟ್, ಚಿಕ್ಕಮಗಳೂರು

ಕನ್ನಡಕದ ಹುಡುಗರ ಬಗ್ಗೆ. ದಿನಬಳಕೆಯ ಕನ್ನಡಕ ಹಾಕಿ ಹೆಲ್ಮೆಟ್ ತೊಡಿಸುವುದು ಅರ್ಧ ರಕ್ಷಣೆ ಮಾತ್ರ. ಗಾಜಿನ ಲೆನ್ಸ್ ಯಾವ ಆಟಕ್ಕೂ ಬೇಡ. ಸಾಮಾನ್ಯ ಪ್ಲಾಸ್ಟಿಕ್ ಲೆನ್ಸ್ ಕೂಡ ಜೋರಾದ ಏಟಿಗೆ ಒಡೆದು ಚೂಪಾದ ತುಂಡಾಗುತ್ತದೆ. ಪಾಲಿಕಾರ್ಬೊನೇಟ್ ಲೆನ್ಸ್ ಎಂದು ಸ್ಪಷ್ಟವಾಗಿ ಬರೆಸಿ, ನಡುವಿನ ದಪ್ಪ 2 ಮಿ.ಮೀ.ಗಿಂತ ಕಡಿಮೆ ಇರಬಾರದು. ಫ್ರೇಮ್ ಸುತ್ತುವರಿದ ಸ್ಪೋರ್ಟ್ಸ್ ಬಗೆಯದ್ದಾಗಿರಲಿ, ಲೆನ್ಸ್ ಹೊರಗಿನಿಂದ ಕೂರಿಸಿದರೂ ಒಳಗೆ ಕಳಚದಂತೆ ಅಂಚು ಇರಬೇಕು. ಲೋಹದ ಮೂಗುಪಟ್ಟಿ ಬೇಡ. ಕಾಲುಗಳ ಬದಲು ಎಲಾಸ್ಟಿಕ್ ಪಟ್ಟಿ ಇದ್ದರೆ ಹೆಲ್ಮೆಟ್ ಒಳಗೆ ಕಣತಲೆಗೆ ಒತ್ತುವುದಿಲ್ಲ. ಕನ್ನಡಕ ಹಾಕಿಕೊಂಡೇ ಹೆಲ್ಮೆಟ್ ಅಳತೆ ನೋಡಿ. ಗ್ರಿಲ್‌ಗೂ ಫ್ರೇಮಿಗೂ ತಾಗುತ್ತಿದ್ದರೆ ಆ ಹೆಲ್ಮೆಟ್ ಆ ಮಗುವಿಗಲ್ಲ.

ಮಲೆನಾಡಿನ ಕಡೆ ಜೂನ್‌ನಿಂದ ಮಳೆಗೆ ಲೆನ್ಸ್ ಮಂಜಾಗುವುದು ನಿತ್ಯದ ತೊಂದರೆ. ಮಂಜು ಹಿಡಿಯದ ಲೇಪನದ್ದನ್ನು ಕೊಳ್ಳಿ, ಅಂಗಿಯ ತುದಿಯಿಂದ ಒರೆಸಬೇಡಿ. ಒರಟು ಬಟ್ಟೆಗೆ ಪಾಲಿಕಾರ್ಬೊನೇಟ್ ಬೇಗ ಗೀರು ಬೀಳುತ್ತದೆ.

ನೀವು ಕೇಳಿಲ್ಲ, ಆದರೆ ಮಳೆಗಾಲದಲ್ಲಿ ನಿಮ್ಮ ಮಕ್ಕಳು ಒಳಾಂಗಣದಲ್ಲಿ ಶಟಲ್ ಆಡುತ್ತಿದ್ದರೆ ಇದನ್ನೂ ಓದಿ. ಲೆದರ್ ಬಾಲ್ ಕಣ್ಣುಗೂಡಿಗಿಂತ ದೊಡ್ಡದು, ಸುತ್ತಲಿನ ಮೂಳೆ ಏಟಿನ ಒಂದು ಪಾಲನ್ನಾದರೂ ತಡೆಯುತ್ತದೆ. ಶಟಲ್‌ನ ಕಾರ್ಕ್ ಅಡ್ಡಳತೆ 25ರಿಂದ 28 ಮಿ.ಮೀ. ಅದು ಮೂಳೆಗೆ ತಾಗದೆ ನೇರವಾಗಿ ಗುಡ್ಡೆಗೇ ಬಡಿಯುತ್ತದೆ. ತೂಕ ಐದು ಗ್ರಾಂ ಆಸುಪಾಸು ಎಂದು ಉದಾಸೀನ ಬೇಡ, ಸ್ಮ್ಯಾಶ್‌ನ ವೇಗದಲ್ಲಿ ಒಳಗೆ ರಕ್ತಸ್ರಾವವಾಗಲು, ಅಕ್ಷಿಪಟ ಕಳಚಲು ಅಷ್ಟು ಸಾಕು. ಡಬಲ್ಸ್‌ನಲ್ಲಿ ನೆಟ್ ಹತ್ತಿರ ನಿಂತವರು ಹಿಂದಿರುಗಿ ಜೊತೆಗಾರನನ್ನು ನೋಡುವ ಅಭ್ಯಾಸ ಬಿಡಿಸಿ. ಕಣ್ಣಿಗೆ ಏಟು ಬಿದ್ದ ಮಗುವಿಗೆ ಮಂಜು ಮಂಜಾಗಿ ಕಂಡರೆ, ಬೆಳಕಿನ ಕಿಡಿ ಅಥವಾ ಕಪ್ಪು ಪರದೆ ಕಂಡರೆ, ಕಪ್ಪುಗುಡ್ಡೆಯ ಮುಂದೆ ರಕ್ತ ನಿಂತಿದ್ದರೆ ಅದೇ ದಿನ ಕಣ್ಣಿನ ವೈದ್ಯರ ಬಳಿಗೆ ಹೋಗಬೇಕು. ಉಜ್ಜಬಾರದು, ಒತ್ತಿ ಕಟ್ಟಬಾರದು.

ಪಿಇ ಮೇಷ್ಟ್ರು, ಅರಸೀಕೆರೆ

ತುಂಬಾ ಉಪಕಾರ ಆಯ್ತು. ಹಳೆ ನಾಲ್ಕು ಹೆಲ್ಮೆಟ್ ತೆಗೆದು ನೋಡಿದೆ. ಎರಡರಲ್ಲಿ ಲೇಬಲ್ಲೇ ಇಲ್ಲ. ಒಂದರಲ್ಲಿ 7928:1998 ಅಂತ ಇದೆ. ನಾಲ್ಕನೆಯದು 2013ರದ್ದೇ, ಆದ್ರೆ ಗ್ರಿಲ್ ಬೆಸುಗೆ ಹತ್ತಿರ ತುಕ್ಕು, ಒಂದು ಸ್ಕ್ರೂ ಇಲ್ಲ. ಅದನ್ನ ಸರಿಮಾಡಿಸಬಹುದಾ? ಮತ್ತೆ ಹುಡುಗನ ಹೆಲ್ಮೆಟ್‌ಗೆ ಬಾಲ್ ಬಿದ್ದರೆ, ಅವನು 'ಏನೂ ಆಗಿಲ್ಲ ಸರ್' ಅಂದ್ರೆ ಆಡಿಸಬಹುದಾ? ಹೊಸದು ಎಷ್ಟು ತಗೊಳ್ಳಲಿ?

ನೆಟ್ಸ್ ಕೋಚ್, ಹಾಸನ

ಮೊದಲ ಮೂರನ್ನ ಇವತ್ತೇ ತೆಗೆದುಬಿಡಿ. ಸುಮ್ಮನೆ ಮೂಲೆಯಲ್ಲಿಟ್ಟರೆ ಮುಂದಿನ ವರ್ಷ ಯಾರೋ ಹುಡುಗ ತಲೆಗೆ ಹಾಕಿಕೊಂಡು ಬರ್ತಾನೆ. ಪಟ್ಟಿ ಕತ್ತರಿಸಿ, ಗ್ರಿಲ್ ಬಿಚ್ಚಿ ಗುಜರಿಗೆ ಕೊಡಿ.

ನಾಲ್ಕನೆಯದರ ಗ್ರಿಲ್ ಬೆಳಕಿಗೆ ಹಿಡಿದು ನೋಡಿ. ಮೇಲ್ಮೈಯ ತುಕ್ಕು ಬಟ್ಟೆಯಲ್ಲಿ ಉಜ್ಜಿದರೆ ಹೋಗುತ್ತೆ. ಬೆಸುಗೆಯ ಸುತ್ತ ಕೂದಲೆಳೆಯಷ್ಟು ಗೆರೆ ಕಂಡರೂ, ಎರಡು ಸರಳಿನ ನಡುವಿನ ಅಂತರ ಒಂದು ಕಡೆ ಹೆಚ್ಚಾಗಿದ್ದರೂ ಗ್ರಿಲ್ ಕೆಲಸಕ್ಕೆ ಬರಲ್ಲ. ಲೋಕಲ್ ವೆಲ್ಡಿಂಗ್ ಮಾಡಿಸಬೇಡಿ, ಕಾದ ಜಾಗದ ಪಕ್ಕದ ಸರಳು ಮೆತ್ತಗಾಗಿ ಮುಂದಿನ ಏಟಿಗೆ ಒಳಕ್ಕೆ ಬಾಗುತ್ತೆ. ಅದೇ ಕಂಪನಿಯ ಅದೇ ಮಾದರಿಯ ಗ್ರಿಲ್, ಅದರ ಜೊತೆ ಬರೋ ಸ್ಕ್ರೂ ಸಿಕ್ಕಿದರೆ ಮಾತ್ರ ಉಳಿಸಿಕೊಳ್ಳಿ. ಕೈಗೆ ಸಿಕ್ಕ ಉದ್ದದ ಸ್ಕ್ರೂ ಹಾಕಿದರೆ ತುದಿ ಒಳಗೆ ಕಣತಲೆ ಕಡೆ ಚಾಚಿಕೊಳ್ಳುತ್ತೆ. ಚಿಪ್ಪನ್ನ ಎರಡೂ ಕೈಯಲ್ಲಿ ಬದಿಯಿಂದ ಒತ್ತಿ, ಚಟ್ ಅನ್ನೋ ಸದ್ದು ಬಂದರೆ ಬಿರುಕಿದೆ. ಒಳಗಿನ ಬಟ್ಟೆ ಎತ್ತಿ ಥರ್ಮೋಕೋಲ್ ಥರದ ಪದರ ನೋಡಿ. ಆ ಪದರ ಏಟಿಗೆ ಒಮ್ಮೆ ಕುಗ್ಗಿದರೆ ಮತ್ತೆ ಉಬ್ಬಲ್ಲ. ಹೊರಗೆ ಏನೂ ಕಾಣದಿದ್ದರೂ ಜೋರಾದ ಏಟು ತಿಂದ ಹೆಲ್ಮೆಟ್ ಬದಲಿಸಲೇಬೇಕು.

ಬಳಿದ ಪೇಂಟ್, ಥಿನ್ನರ್, ಪೆಟ್ರೋಲ್‌ನಲ್ಲಿ ಒರೆಸಿದ್ದು ಚಿಪ್ಪಿನ ಪ್ಲಾಸ್ಟಿಕ್ಕನ್ನ ಬಿರುಸಾಗಿಸುತ್ತೆ. ತಂಡದ ಹೆಸರಿಗೆ ಬಣ್ಣ ಬೇಡ, ಮೇಲೆ ಹಾಕೋ ಬಟ್ಟೆ ಕವರ್ ಸಾಕು. ಬಿಸಿಲಲ್ಲಿ ನಿಂತ ಕಾರಿನ ಒಳಗೆ, ತಗಡಿನ ಶೀಟಿನ ಕೆಳಗೆ ಇಡಬೇಡಿ. ಮಳೆಗಾಲದಲ್ಲಿ ಬ್ಯಾಗಿಗೆ ಹಾಕಿ ಮುಚ್ಚದೆ, ಫ್ಯಾನ್ ಕೆಳಗೆ ಒಣಗಿಸಿ ಮೊಳೆಗೆ ನೇತುಹಾಕಿ.

ಲೆಕ್ಕ: ಕ್ರೀಸಿನಲ್ಲಿ ಇಬ್ಬರು, ಪ್ಯಾಡ್ ಕಟ್ಟಿ ಕೂತವನೊಬ್ಬ. ಎದುರು ತಂಡದ ಹತ್ತಿರ ಇಲ್ಲದಿದ್ದರೆ ಅವರ ಕೀಪರ್‌ಗೆ ಕೊಡೋಕೆ ಒಂದು. ಒಟ್ಟು ನಾಲ್ಕು, ಬೇರೆ ಸೈಜಿಗೆ ಇನ್ನೊಂದು. ಐದಕ್ಕಿಂತ ಕಡಿಮೆ ಬೇಡ. ಎಲ್ಲ ಒಂದೇ ಸೈಜು ಕೊಳ್ಳಬೇಡಿ, ತಲೆ ಅಳತೆಯ ಪಟ್ಟಿ ನೋಡಿ ಎರಡು ಚಿಕ್ಕದು ಮೂರು ದೊಡ್ಡದು ಅಂತ ಹಂಚಿಕೊಳ್ಳಿ.

ಫಿಸಿಯೋ, ಹಾಸನ

'ಏನೂ ಆಗಿಲ್ಲ' ಅನ್ನೋ ಮಾತಿನ ಮೇಲೆ ಆಡಿಸಬೇಡಿ ಸರ್. ಹೆಲ್ಮೆಟ್ ಮೂಳೆ ಉಳಿಸುತ್ತೆ, ಒಳಗೆ ಮೆದುಳು ಅಲುಗೋದನ್ನ ಪೂರ್ತಿ ತಡೆಯಲ್ಲ. ತಲೆಸುತ್ತು, ತಲೆನೋವು, ವಾಕರಿಕೆ, ಎರಡೆರಡು ಕಾಣೋದು, ಮಂಕಾಗಿ ಉತ್ತರ ಕೊಡೋದು, ಈಗಿನ ಸ್ಕೋರ್ ಎಷ್ಟು, ಕಳೆದ ಓವರ್ ಯಾರು ಹಾಕಿದ್ದು ಅನ್ನೋದಕ್ಕೆ ತಡವರಿಸೋದು, ಇದರಲ್ಲಿ ಒಂದಿದ್ದರೂ ಆ ದಿನದ ಆಟ ಮುಗೀತು. ಅಂತರರಾಷ್ಟ್ರೀಯ ಪಂದ್ಯದಲ್ಲೇ 2019ರ ಆಗಸ್ಟ್‌ನಿಂದ ಇಂಥ ಆಟಗಾರನ ಬದಲು ಇನ್ನೊಬ್ಬನನ್ನ ಇಳಿಸೋ ಅವಕಾಶ ಇದೆ, ಶಾಲಾ ಪಂದ್ಯದಲ್ಲಿ ಸಂಘಟಕರ ಹತ್ತಿರ ಮೊದಲೇ ಇದನ್ನ ಕೇಳಿ ಒಪ್ಪಿಸಿಕೊಳ್ಳಿ.

ವಾಂತಿ, ಹೆಚ್ಚುತ್ತಾ ಹೋಗೋ ತಲೆನೋವು, ಫಿಟ್ಸ್, ತೂಕಡಿಕೆ, ಕೈಕಾಲಿನಲ್ಲಿ ಜೋಮು, ಕತ್ತಿನ ನಡುಮೂಳೆ ನೋವು, ಮೂಗು ಕಿವಿಯಿಂದ ನೀರಿನಂಥ ದ್ರವ ಬಂದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಕತ್ತು ನೋವು ಅಂದ ಮಗುವಿನ ಹೆಲ್ಮೆಟ್ ಎಳೆದು ತೆಗೆಯಬೇಡಿ, ಪ್ರಜ್ಞೆ ಇದ್ದು ಉಸಿರಾಟ ಸರಿ ಇದ್ದರೆ ಅಲ್ಲಾಡದ ಹಾಗೆ ತಲೆ ಹಿಡಿದುಕೊಂಡಿರಿ. ಹಾಸನದ ಹಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು) ಆಸ್ಪತ್ರೆ ಆಗಲಿ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆ ಆಗಲಿ, ಪಂದ್ಯದ ಜಾಗದಿಂದ ಎಷ್ಟು ಹೊತ್ತಿನ ದಾರಿ ಅಂತ ಪಂದ್ಯದ ಮುಂಚೆಯೇ ನೋಡಿಕೊಂಡಿರಿ.

ಮೊದಲ 24ರಿಂದ 48 ಗಂಟೆ ಆಟ ಬೇಡ, ಮೊಬೈಲ್ ಕಡಿಮೆ ಮಾಡಿಸಿ, ಮನೆಯೊಳಗೆ ಓಡಾಡಿಕೊಂಡಿರಲಿ. ವೈದ್ಯರು ಒಪ್ಪಿದ ಮೇಲೆ ನಡಿಗೆ, ಓಟ, ಬಾಲ್ ಇಲ್ಲದ ಡ್ರಿಲ್, ಥ್ರೋಡೌನ್ (ಕೈಯಿಂದ ಎಸೆದ ಬಾಲ್ ಆಡೋದು), ಪೂರ್ತಿ ನೆಟ್ಸ್, ಕಡೆಗೆ ಪಂದ್ಯ. ಹಂತಕ್ಕೆ ಕನಿಷ್ಠ ಒಂದು ದಿನ, ಲಕ್ಷಣ ಜೋರಾದರೆ ಹಿಂದಿನ ಹಂತಕ್ಕೆ.

ಹಲ್ಲು ಕಿತ್ತು ಬಿದ್ದರೆ ಬೇರು ಮುಟ್ಟದೆ ಮೇಲ್ಭಾಗ ಹಿಡಿದು ಎತ್ತಿ. ಮಣ್ಣಾಗಿದ್ದರೆ ಹಾಲಿನಲ್ಲಿ ಒಮ್ಮೆ ಅದ್ದಿ, ಉಜ್ಜಬೇಡಿ. ಶಾಶ್ವತ ಹಲ್ಲಾದರೆ ಆ ಗುಳಿಯಲ್ಲೇ ಕೂರಿಸಿ ಬಟ್ಟೆ ಕಚ್ಚಿಸಿ, ಆಗದಿದ್ದರೆ ಹಾಲಿನಲ್ಲಿ ಹಾಕಿಕೊಂಡು ಅರ್ಧ ಗಂಟೆಯೊಳಗೆ ದಂತವೈದ್ಯರ ಹತ್ತಿರ ಹೋಗಿ. ಹಾಲುಹಲ್ಲನ್ನ ಮತ್ತೆ ಕೂರಿಸಬಾರದು.

ಬೇಲೂರು ಪೋಷಕ

ಒಂದೇ ಹೆಲ್ಮೆಟ್ ನಾಲ್ಕು ಜನ ಹಾಕಿದರೆ ಬೆವರು, ಹೇನು ಅಂತ ಮನೆಯವರು ತಕರಾರು ಮಾಡ್ತಾರೆ. ಅದಕ್ಕೇನು ಮಾಡ್ತೀರಿ?

ನೆಟ್ಸ್ ಕೋಚ್, ಹಾಸನ

ಪ್ರತಿ ಹುಡುಗನೂ ತನ್ನದೇ ತೆಳು ಹತ್ತಿ ಟೋಪಿ ತರಲಿ, ಹೊಲಿಗೆ ಹಣೆಗೆ ಬರದ ಹಾಗೆ. ದಪ್ಪ ಟೋಪಿ, ಮಡಚಿದ ಕರ್ಚೀಫು ಬೇಡ, ಹೆಲ್ಮೆಟ್ ಮೇಲಕ್ಕೆದ್ದು ಮತ್ತೆ ಸಂದಿ ತಪ್ಪುತ್ತೆ. ತಲೆ ಅಳೆಯೋ ದಿನವೇ ಆ ಟೋಪಿ ಹಾಕಿಸಿ ಅಳೆಯಿರಿ. ಒಳಗಿನ ಪ್ಯಾಡ್ ಬಿಚ್ಚೋಕೆ ಬರೋದಾದ್ರೆ ವಾರಕ್ಕೊಮ್ಮೆ ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಪೂರ್ತಿ ಒಣಗಿದ ಮೇಲೆ ಅದೇ ಜಾಗಕ್ಕೆ ಅಂಟಿಸಿ. ಹಿಂದಿನ ಪ್ಯಾಡ್ ಮುಂದೆ, ಮುಂದಿನದ್ದು ಹಿಂದೆ ಬಂದರೆ ಹೆಲ್ಮೆಟ್ ಕೂರೋ ರೀತಿ ಬದಲಾಗುತ್ತೆ, ಬಿಚ್ಚೋ ಮೊದಲು ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.